ನಿಂತ ಬೋಟಿನಲ್ಲಿ ಓಡುವ ಇಂಜಿನ್

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ತಾಗಿ ನಿಂತಿರುತ್ತವೆ. ಬ್ಯಾಟರಿ ಇಳಿಯಬಾರದು, ಇಂಜಿನ್ ಜಾಮ್ ಆಗಬಾರದು ಅಂತ ಆಗಾಗ ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆಫ್ ಮಾಡುವುದುಂಟು. ಕಾಳಜಿ ಒಳ್ಳೆಯದೇ. ಆದರೆ ಹೀಗೆ ಸುಮ್ನೆ ಓಡುವುದು ಡೀಸೆಲ್ ಇಂಜಿನ್‌ಗೆ ಒಗ್ಗುವುದಿಲ್ಲ.

ಅದರಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಒತ್ತಿದ ಗಾಳಿ 500 ಡಿಗ್ರಿಗೂ ಮೇಲೆ ಕಾಯುತ್ತದೆ, ಆ ಕಾವಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಲೋಡ್, ಅಂದರೆ ಎಳೆಯುವ ಕೆಲಸ, ಇಲ್ಲದಾಗ ಉರಿಯುವ ಡೀಸೆಲ್ ತೀರಾ ಕಡಿಮೆ, ಸಿಲಿಂಡರ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಅರೆಬೆಂದ ಡೀಸೆಲ್ ಮಸಿಯಾಗಿ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್, ವಾಲ್ವ್, ಗಾಳಿ ತುಂಬುವ ಟರ್ಬೊಗಳಿಗೆ ಅಂಟುತ್ತದೆ. ಬಿಳಿ ಹೊಗೆ, ಕಣ್ಣುರಿಸುವ ವಾಸನೆ ಬರುವುದು ಇದಕ್ಕೇ.

ನೀರಿನ ಕಾಟ ಬೇರೆ. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ! ಬಿಸಿ ಇಂಜಿನ್‌ನಿಂದ ಅದು ಆವಿಯಾಗಿ ಹೊರಟುಹೋಗುತ್ತದೆ. ತಣ್ಣಗಿದ್ದರೆ ಒಂದು ಪಾಲು ಒಳಗೇ ಹನಿಗಟ್ಟಿ ಆಯಿಲ್‌ಗೆ ಸೇರುತ್ತದೆ.

ನನಗೆ ಹೆಚ್ಚು ಚಿಂತೆ ಪಿಸ್ಟನ್ ಸುತ್ತ ಕೂರುವ ರಿಂಗ್‌ನದ್ದು. ರಿಂಗ್ ಬಿಗಿಯಾಗಿ ಕೂರುವುದು ತನ್ನ ಸ್ಪ್ರಿಂಗ್ ಬಲದಿಂದ ಮಾತ್ರ ಅಲ್ಲ. ಉರಿದ ಗ್ಯಾಸ್ ರಿಂಗಿನ ಹಿಂದೆ ನುಗ್ಗಿ ಅದನ್ನು ಲೈನರಿಗೆ, ಅಂದರೆ ಸಿಲಿಂಡರಿನ ಒಳಗೋಡೆಗೆ, ಒತ್ತಿ ಹಿಡಿಯುತ್ತದೆ. ಲೋಡ್ ಇಳಿದರೆ ಆ ಒತ್ತಡವೂ ಇಳಿಯುತ್ತದೆ. ಸಂದಿಯಲ್ಲಿ ಗ್ಯಾಸ್ ಕೆಳಗೆ ನುಸುಳುತ್ತದೆ, ಆಯಿಲ್ ಮೇಲೆ ಹತ್ತುತ್ತದೆ. ಲೈನರ್ ಮೇಲೆ ಹೋನಿಂಗ್ ಮಾಡಿದ, ಅಂದರೆ ಕಲ್ಲಿನಿಂದ ಉಜ್ಜಿದ, ಸಣ್ಣ ಗೀರುಗಳಿರುತ್ತವೆ, ಆಯಿಲ್ ನಿಲ್ಲುವುದೇ ಅಲ್ಲಿ. ಬೆಂದ ಆಯಿಲ್ ಆ ಗೀರುಗಳನ್ನು ತುಂಬಿ ಗಟ್ಟಿಯಾಗುತ್ತದೆ, ಲೈನರ್ ಫಳಫಳ ಹೊಳೆಯುತ್ತದೆ. ಗ್ಲೇಜಿಂಗ್ ಅಂದರೆ ಇದೇ. ಆಮೇಲೆ ಇಂಜಿನ್ ಆಯಿಲ್ ಕುಡಿಯಲು ಶುರು ಮಾಡುತ್ತದೆ. ಹೆಡ್ ಬಿಚ್ಚಿ ಮತ್ತೆ ಹೋನಿಂಗ್ ಮಾಡದೆ ಇದು ಸಾಮಾನ್ಯವಾಗಿ ಹೋಗುವುದಿಲ್ಲ.

ನಿಧಾನ ಹೋದರೆ ಲೋಡ್ ಕಡಿಮೆ ಎನ್ನುವಂತೆಯೂ ಇಲ್ಲ. ಬಲೆ ಎಳೆಯುವ ಟ್ರಾಲ್ ಬೋಟು ನಿಧಾನವೇ, ಆದರೂ ಇಂಜಿನ್‌ಗೆ ಭಾರೀ ಕೆಲಸ. ಬಲೆ ಮೇಲೆತ್ತಿಕೊಂಡು ಅರ್ಧ ಆರ್‌ಪಿಎಂನಲ್ಲಿ ಬರುವ ಬೋಟಿನ ಪ್ರೊಪೆಲ್ಲರ್‌ಗೆ ಬೇಕಾಗುವುದು ಪೂರ್ತಿ ಶಕ್ತಿಯ ಸುಮಾರು ಎಂಟನೇ ಒಂದು ಪಾಲು ಅಷ್ಟೇ. ಹೀಗೆ ಬಂದರೆ ಡೀಸೆಲ್ ಉಳಿಯುತ್ತದೆ, ನಿಜ. ಆದರೆ ಗಂಟೆಗಟ್ಟಲೆ ಹಾಗೇ ಬಂದರೆ, ಅಳಿವೆ ತಲುಪುವ ಮೊದಲು ಸ್ವಲ್ಪ ಹೊತ್ತು ಮುಕ್ಕಾಲು ಲೋಡಿಗೆ ಏರಿಸಬೇಕು. ಹಸಿ ಮಸಿ ಬಹುಪಾಲು ಉರಿದುಹೋಗುತ್ತದೆ. ದಕ್ಕೆಗೆ ಬಂದ ಮೇಲೆ ಟರ್ಬೊ ತಣಿಯಲು ಕೆಲವು ನಿಮಿಷ ಐಡ್ಲಿಂಗ್, ಅಂದರೆ ಲೋಡ್ ಇಲ್ಲದೆ ಓಡಲು, ಬಿಡುವುದು ಸರಿಯೇ, ಅದರಿಂದ ತೊಂದರೆ ಇಲ್ಲ.

ನಿಷೇಧದ ದಿನಗಳಲ್ಲಿ ಬ್ಯಾಟರಿಗೆ ದಡದ ಕರೆಂಟಿನ ಚಾರ್ಜರ್ ಸಾಕು. ಜಾಮ್ ಆಗದಿರಲು ಸ್ಟಾರ್ಟ್ ಮಾಡದೆ ಕ್ರ್ಯಾಂಕನ್ನು ಕೈಯಿಂದ ತಿರುಗಿಸಬಹುದು. ಆಯಿಲನ್ನು ಮಾತ್ರ ಮೇ ಕೊನೆಯಲ್ಲೇ ಬದಲಿಸಿ. ಹಳೇ ಆಯಿಲ್‌ನಲ್ಲಿ ಸೇರಿದ ನೀರು, ಆಸಿಡ್ ಎರಡು ತಿಂಗಳು ಬೇರಿಂಗ್‌ಗಳ ಮೇಲೇ ಕೂತಿರುತ್ತವೆ, ಅಲ್ವಾ?