ಫ್ರೀಜರಿನಲ್ಲಿ ಮಗುವಿನ ತುತ್ತು

ಮಗುವಿಗೆ ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆಗೆ ಮೆತ್ತನೆಯ ಆಹಾರವನ್ನೂ ಕೊಡಲಾರಂಭಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2017ರಿಂದ ನಮ್ಮ ದೇಶದ ಕಾನೂನಿನ ಪ್ರಕಾರ ಅರ್ಹ ಉದ್ಯೋಗಸ್ಥ ತಾಯಿಗೆ ಮೊದಲ ಎರಡು ಮಕ್ಕಳಿಗೆ ಸಿಗುವ ಸಂಬಳಸಹಿತ ರಜೆ 26 ವಾರ, ಎಂದರೆ ಹೆಚ್ಚುಕಡಿಮೆ ಅದೇ ಆರು ತಿಂಗಳು. ಹೀಗಾಗಿ ಮಗು ಬಾಯಿ ತೆರೆದು ತುತ್ತು ಕೇಳುವ ಹೊತ್ತಿಗೆ ಸರಿಯಾಗಿ ತಾಯಿ ಕೆಲಸಕ್ಕೆ ಹೊರಟು ನಿಂತಿರುತ್ತಾಳೆ. ಭಾನುವಾರ ಸಂಜೆ ಸಿಹಿಕುಂಬಳವನ್ನೂ ಕ್ಯಾರೆಟ್ಟನ್ನೂ ಬೇಯಿಸಿ, ನುಣ್ಣಗೆ ಅರೆದು, ಐಸ್ ಟ್ರೇಯ ಕುಳಿಗಳಿಗೆ ತುಂಬಿಡುವ ಪದ್ಧತಿ ನಮ್ಮ ಮನೆಗಳಿಗೆ ಬಂದಿರುವುದು ಸೋಮಾರಿತನದಿಂದಲ್ಲ, ಈ ಲೆಕ್ಕಾಚಾರದಿಂದ.

ಮನೆಯ ಹಿರಿಯರು ಇದನ್ನು ಕಂಡು "ಕೂಸಿಗೆ ತಂಗಳು ತಿನ್ನಿಸುತ್ತೀರಾ" ಎಂದು ಕೇಳುವುದುಂಟು. ಆ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬಾರದು. ತಂಗಳಿನ ಬಗ್ಗೆ ಅವರಿಗಿರುವ ಭಯ ನ್ಯಾಯವಾದದ್ದೇ. ಆದರೆ ಆಹಾರ ತಂಗಳಾಗುವುದು ಫ್ರೀಜರಿನ ಒಳಗಲ್ಲ. ಫ್ರೀಜರಿಗೆ ಹೋಗುವ ಮುಂಚಿನ ಮತ್ತು ಅಲ್ಲಿಂದ ಹೊರಬಂದ ನಂತರದ ಗಂಟೆಗಳಲ್ಲಿ.

ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಹಾರದೊಳಗಿನ ನೀರಿನ ಬಹುಪಾಲು ಮಂಜುಗಡ್ಡೆಯಾಗಿರುತ್ತದೆ. ಬಳಸಿಕೊಳ್ಳಲು ನೀರಿಲ್ಲದೆ, ಚಳಿಯಿಂದ ಜೀವಕ್ರಿಯೆಯೂ ನಿಂತು, ಬ್ಯಾಕ್ಟೀರಿಯಾಗಳು ಇದ್ದಲ್ಲೇ ಸ್ತಬ್ಧವಾಗುತ್ತವೆ. ಅವುಗಳಲ್ಲಿ ಕೆಲವು ಸಾಯುತ್ತವೆ, ಹೆಚ್ಚಿನವು ಸಾಯುವುದಿಲ್ಲ. ಮತ್ತೆ ಬೆಚ್ಚಗಾದೊಡನೆ ಬಿಟ್ಟಲ್ಲಿಂದಲೇ ಕೆಲಸ ಮುಂದುವರಿಸುತ್ತವೆ. ಆದ್ದರಿಂದ ಸಾವಿರ ಬ್ಯಾಕ್ಟೀರಿಯಾಗಳೊಂದಿಗೆ ಒಳಗೆ ಹೋದ ಕಿಚಡಿ ಸುಮಾರು ಅಷ್ಟರೊಂದಿಗೇ ಹೊರಗೆ ಬರುತ್ತದೆ; ಲಕ್ಷದೊಂದಿಗೆ ಹೋದದ್ದು ಲಕ್ಷದೊಂದಿಗೆ. ಫ್ರೀಜರ್ ಗಡಿಯಾರವನ್ನು ನಿಲ್ಲಿಸಬಲ್ಲದು, ಹಿಂದಕ್ಕೆ ತಿರುಗಿಸಲಾರದು.

ಅನ್ನದ ಉದಾಹರಣೆಯನ್ನೇ ನೋಡೋಣ. ಮಣ್ಣಿನಲ್ಲಿ ಸಹಜವಾಗಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಅಕ್ಕಿಯ ಜೊತೆಗೆ ಅಡುಗೆಮನೆಗೆ ಬರುತ್ತವೆ, ಮತ್ತು ಸಾಧಾರಣ ಕುದಿತವನ್ನು ತಾಳಿಕೊಂಡು ಉಳಿಯುತ್ತವೆ. ಬೆಂದ ಅನ್ನ ಉಗುರುಬೆಚ್ಚಗೆ ಕುಳಿತಾಗ ಅವು ಮೊಳೆತು ಹೆಚ್ಚತೊಡಗುತ್ತವೆ. ಅನುಕೂಲದ ಉಷ್ಣತೆಯಲ್ಲಿ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುವ ಬ್ಯಾಕ್ಟೀರಿಯಾ ನೂರರಿಂದ ಆರಂಭಿಸಿದರೆ ನಾಲ್ಕೇ ಗಂಟೆಯಲ್ಲಿ ನಾಲ್ಕು ಲಕ್ಷ ದಾಟುತ್ತದೆ. ಇದರ ಕೆಲವು ತಳಿಗಳು ಉತ್ಪಾದಿಸುವ ಸೀರಿಯುಲೈಡ್ ಎಂಬ ವಿಷ 121 ಡಿಗ್ರಿಯಲ್ಲಿ ಒಂದೂವರೆ ಗಂಟೆ ಕಾಯಿಸಿದರೂ ನಾಶವಾಗುವುದಿಲ್ಲ. "ಆಮೇಲೆ ಚೆನ್ನಾಗಿ ಕುದಿಸಿದರಾಯಿತು" ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಬೇಯಿಸಿದ್ದು ಎರಡು ಗಂಟೆಯೊಳಗೆ ಫ್ರಿಜ್ ಅಥವಾ ಫ್ರೀಜರ್ ಸೇರಬೇಕು ಎಂಬ ನಿಯಮದ ಬೇರು ಇರುವುದು ಇಲ್ಲಿ.

ಎರಡು ಗಂಟೆಯೊಳಗೆ ತಣಿಸುವುದು ಹೇಗೆ? ಗಟ್ಟಿಯಾಗಿ ಅರೆದ ಆಹಾರದಲ್ಲಿ ನೀರಿನಲ್ಲಿದ್ದಂತೆ ಬಿಸಿ ಮೇಲಕ್ಕೂ ಕೆಳಕ್ಕೂ ಹರಿದಾಡುವುದಿಲ್ಲ. ಅದು ಪದರದಿಂದ ಪದರಕ್ಕೆ ನಿಧಾನವಾಗಿ ದಾಟಬೇಕು. ಹಾಗೆ ದಾಟುವಾಗ ತಗಲುವ ಸಮಯ ದಪ್ಪದ ವರ್ಗಕ್ಕೆ ಅನುಗುಣವಾಗಿರುತ್ತದೆ, ಎಂದರೆ ದಪ್ಪ ಅರ್ಧವಾದರೆ ಸಮಯ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಆಳವಾದ ಡಬ್ಬಿಯಲ್ಲಿ ಮುಚ್ಚಿಟ್ಟ ಕುಂಬಳದ ನಡುಭಾಗ ರಾತ್ರಿಯವರೆಗೂ ಬೆಚ್ಚಗೇ ಇರಬಹುದು. ಅದನ್ನೇ ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಬೆರಳಗಲದ ದಪ್ಪಕ್ಕೆ ಹರಡಿ, ತಟ್ಟೆಯನ್ನು ತಣ್ಣೀರಿನ ಪರಾತದಲ್ಲಿ ತೇಲಿಸಿ, ಶುಚಿಯಾದ ಚಮಚದಿಂದ ಆಗಾಗ ಕಲಕಿದರೆ ಸ್ವಲ್ಪ ಹೊತ್ತಿನಲ್ಲೇ ಟ್ರೇಗೆ ಸಿದ್ಧವಾಗುತ್ತದೆ. ಬಿಸಿಯಾಗಿಯೇ ಫ್ರೀಜರಿಗೆ ತುರುಕಿದರೆ ಪಕ್ಕದಲ್ಲಿರುವ ಗಟ್ಟಿಯಾದ ತುಂಡುಗಳೂ ಮೆತ್ತಗಾಗುತ್ತವೆ.

ಐಸ್ ಟ್ರೇಯ ಸಣ್ಣ ಕುಳಿಯ ಗುಣವೂ ಇದೇ ಲೆಕ್ಕದ್ದು. ಒಂದು ಕುಳಿಯಲ್ಲಿ ಹಿಡಿಯುವುದು ಸುಮಾರು 30 ಮಿಲಿಲೀಟರ್, ಎರಡು ದೊಡ್ಡ ಚಮಚದಷ್ಟು. ಎಳೆಯ ಮಗುವಿನ ಒಂದು ಹೊತ್ತಿಗೆ ಆರಂಭದಲ್ಲಿ ಅಷ್ಟು ಸಾಕು. ಚಿಕ್ಕದಾದ್ದರಿಂದ ಅದು ಬೇಗ ಹೆಪ್ಪುಗಟ್ಟುತ್ತದೆ, ಮತ್ತು ಬೇಗ ಹೆಪ್ಪುಗಟ್ಟಿದಷ್ಟೂ ಮಂಜಿನ ಹರಳುಗಳು ಸಣ್ಣವಾಗಿರುತ್ತವೆ. ನಿಧಾನವಾಗಿ ಬೆಳೆದ ದೊಡ್ಡ ಹರಳುಗಳು ತರಕಾರಿಯ ಕೋಶಭಿತ್ತಿಗಳನ್ನು ಹರಿದುಹಾಕಿ, ಕರಗಿದಾಗ ನೀರು ಬೇರೆ, ತಿರುಳು ಬೇರೆ ಮಾಡುತ್ತವೆ. ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ 1910ರ ದಶಕದಲ್ಲಿ ಈಗಿನ ಕೆನಡಾದ ಲ್ಯಾಬ್ರಡಾರಿನಲ್ಲಿದ್ದಾಗ, ಅಲ್ಲಿನ ಮೂಲನಿವಾಸಿಗಳಾದ ಇನ್ಯೂಟ್ ಜನರು ಹಿಡಿದ ಮೀನು ಕಡುಚಳಿಗೆ ಕ್ಷಣಮಾತ್ರದಲ್ಲಿ ಹೆಪ್ಪುಗಟ್ಟಿ, ತಿಂಗಳುಗಳ ನಂತರವೂ ತಾಜಾ ರುಚಿ ಉಳಿಸಿಕೊಳ್ಳುವುದನ್ನು ಗಮನಿಸಿದರು. ಇಂದಿನ ಶೀತಲೀಕೃತ ಆಹಾರೋದ್ಯಮ ಬೆಳೆದದ್ದು ಆ ಗಮನಿಕೆಯಿಂದ. ಕುಳಿಗಳನ್ನು ಅಂಚಿನವರೆಗೆ ತುಂಬಬಾರದು, ಏಕೆಂದರೆ ಹೆಪ್ಪುಗಟ್ಟುವ ನೀರು ಶೇಕಡಾ 9ರಷ್ಟು ಉಬ್ಬುತ್ತದೆ.

ಇನ್ನು ರಾಗಿ ಸರಿಯ ವಿಷಯ. ಒಂದು ರಾತ್ರಿ ಒಂದೇ ಟ್ರೇಯ ಅರ್ಧಕ್ಕೆ ಸಿಹಿಕುಂಬಳವನ್ನೂ ಉಳಿದರ್ಧಕ್ಕೆ ರಾಗಿ ಸರಿಯನ್ನೂ ತುಂಬಿಟ್ಟು ಮರುದಿನ ಕರಗಿಸಿ ನೋಡಿದೆ. ಕುಂಬಳ ತುಸು ನೀರು ಬಿಟ್ಟಿತ್ತು, ಕಲಕಿದೊಡನೆ ಕೂಡಿಕೊಂಡಿತು. ರಾಗಿಯದ್ದು ಸ್ಪಂಜಿನಂಥ ಕಂದು ಮುದ್ದೆಯಾಗಿ, ಸುತ್ತ ತಿಳಿನೀರು ನಿಂತಿತ್ತು. ಬೆರಳಿನಿಂದ ಒತ್ತಿದರೆ ಇನ್ನಷ್ಟು ನೀರು ಜಿನುಗುತ್ತಿತ್ತು. ಕುದಿಯುವಾಗ ನೀರು ಹೀರಿ ಬಿಚ್ಚಿಕೊಂಡ ಪಿಷ್ಟದ ಎಳೆಗಳು ತಣಿದಾಗ ಮತ್ತೆ ಒತ್ತೊತ್ತಾಗಿ ಸೇರಿಕೊಂಡು ನೀರನ್ನು ಹೊರಗೆ ದಬ್ಬುತ್ತವೆ, ಮತ್ತು ನೀರು ಮಂಜಾಗಿ ಬೇರ್ಪಟ್ಟಾಗ ಈ ಸೇರುವಿಕೆ ಇನ್ನೂ ಬಲವಾಗುತ್ತದೆ. ರಾಗಿ ಸರಿ ಕೆಟ್ಟಿಲ್ಲ, ಆದರೆ ಆ ಗಂಟುಗಳನ್ನು ಮಗು ನಾಲಿಗೆಯಿಂದ ಹೊರಗೆ ತಳ್ಳುತ್ತದೆ.

ನನ್ನ ಅಭಿಪ್ರಾಯದಲ್ಲಿ ರಾಗಿಗೆ ಫ್ರೀಜರ್ ಬೇಕಾಗಿಯೇ ಇಲ್ಲ. ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹದವಾಗಿ ಹುರಿದು, ಬೀಸಿ, ವಸ್ತ್ರಗಾಳಿತ ಮಾಡಿದ ಹಿಟ್ಟು ತಾನೇ ಒಂದು ಶೇಖರಣಾ ವಿಧಾನ. ಫ್ರೀಜರ್ ನೀರನ್ನು ಮಂಜುಗಟ್ಟಿಸಿ ಸೂಕ್ಷ್ಮಜೀವಿಗಳಿಗೆ ದಕ್ಕದಂತೆ ಮಾಡಿದರೆ, ಬಿಸಿಲು ಮತ್ತು ಬಾಣಲೆ ಆ ನೀರನ್ನೇ ತೆಗೆದುಹಾಕುತ್ತವೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟದ ಉದ್ದನೆಯ ಎಳೆಗಳನ್ನು ತುಂಡರಿಸುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಸರಿ ತೆಳ್ಳಗಿರುತ್ತದೆ, ಮತ್ತು ಪುಟ್ಟ ಹೊಟ್ಟೆಗೆ ಅಷ್ಟೇ ಅಳತೆಯಲ್ಲಿ ಹೆಚ್ಚು ಶಕ್ತಿ ಸಿಗುತ್ತದೆ. ಡಬ್ಬಿಯಲ್ಲಿ ಒಣ ಹಿಟ್ಟು, ಟ್ರೇಯಲ್ಲಿ ತರಕಾರಿ, ಬೆಳಗ್ಗೆ ಹತ್ತು ನಿಮಿಷದಲ್ಲಿ ಕಾಸಿದ ಬಿಸಿ ಸರಿಗೆ ಒಂದು ತುಂಡು ಕುಂಬಳ: ಹಳೆಯದೂ ಹೊಸದೂ ಇಲ್ಲಿ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತವೆ.

ಪಾಲಕ್ ಮತ್ತು ಬೀಟ್‌ರೂಟ್ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಅವುಗಳಲ್ಲಿ ಸಹಜವಾಗಿಯೇ ಇರುವ ನೈಟ್ರೇಟನ್ನು ಬ್ಯಾಕ್ಟೀರಿಯಾಗಳು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ, ಮತ್ತು ನೈಟ್ರೈಟ್ ಶಿಶುವಿನ ರಕ್ತದ ಹಿಮೋಗ್ಲೋಬಿನ್ನಿನ ಆಮ್ಲಜನಕ ಒಯ್ಯುವ ಶಕ್ತಿಯನ್ನು ಕುಗ್ಗಿಸುತ್ತದೆ. ಅರೆದಿಟ್ಟದ್ದನ್ನು ಫ್ರಿಜ್ಜಿನ ಸಾಧಾರಣ ತಟ್ಟಿನಲ್ಲಿ ದಿನಗಟ್ಟಲೆ ಉಳಿಸಿಕೊಳ್ಳಬಾರದು. ಆಗಲೇ ಉಣಿಸಬೇಕು ಅಥವಾ ತಣಿಸಿದೊಡನೆ ಹೆಪ್ಪುಗಟ್ಟಿಸಬೇಕು.

ಎಷ್ಟು ದಿನ ಇಡಬಹುದು? ಮನೆಯಲ್ಲಿ ಮಾಡಿದ ಶಿಶು ಆಹಾರಕ್ಕೆ ಅಮೆರಿಕದ ಸರ್ಕಾರಿ ಮಾರ್ಗಸೂಚಿಗಳು ಹೇಳುವುದು ಫ್ರಿಜ್ಜಿನಲ್ಲಿ ಒಂದರಿಂದ ಎರಡು ದಿನ, ಫ್ರೀಜರಿನಲ್ಲಿ ಒಂದರಿಂದ ಎರಡು ತಿಂಗಳು. ಈ ಅವಧಿ ಮೈನಸ್ 18 ಡಿಗ್ರಿಯ ಫ್ರೀಜರಿನದು ಎಂಬುದನ್ನು ಮರೆಯಬಾರದು. ನಮ್ಮಲ್ಲಿ ಬಹಳ ಮನೆಗಳಲ್ಲಿರುವ ಒಂದೇ ಬಾಗಿಲಿನ ಫ್ರಿಜ್ಜಿನ ಪುಟ್ಟ ಮಂಜಿನ ಗೂಡು ಅಷ್ಟು ತಣ್ಣಗಿರುತ್ತದೆಂಬ ಭರವಸೆಯಿಲ್ಲ. ಫ್ರಿಜ್ಜಿಗೆ ಅಂಟಿಸಿರುವ ಐದು ನಕ್ಷತ್ರಗಳು ವಿದ್ಯುತ್ ಉಳಿತಾಯದವು, ಅವಕ್ಕೂ ಫ್ರೀಜರಿನ ಚಳಿಗೂ ಸಂಬಂಧವಿಲ್ಲ. ಅಂಥ ಗೂಡಿನಲ್ಲಿ ತಿಂಗಳಿಗಲ್ಲ, ವಾರಕ್ಕೆ ಆಗುವಷ್ಟನ್ನು ಮಾತ್ರ ಇಡುವುದು ಕ್ಷೇಮ.

ಹೊರಗೆ ತೆಗೆಯುವಾಗ ಅಡುಗೆಕಟ್ಟೆಯ ಮೇಲಿಟ್ಟು ಕರಗಿಸದೆ, ರಾತ್ರಿಯೇ ಫ್ರಿಜ್ಜಿನ ಕೆಳತಟ್ಟಿಗೆ ಇಳಿಸಬೇಕು, ಇಲ್ಲವೇ ತುಂಡನ್ನು ನೇರವಾಗಿ ಪಾತ್ರೆಗೆ ಹಾಕಿ ಹಬೆಯಾಡುವವರೆಗೆ ಕಾಯಿಸಬೇಕು. ಮೈಕ್ರೋವೇವ್ ಬಳಸಿದರೆ ಮೇಲ್ಭಾಗ ತಣ್ಣಗಿದ್ದು ಒಳಗೆ ಸುಡುವ ಜಾಗಗಳು ಉಳಿಯುವುದರಿಂದ, ಚೆನ್ನಾಗಿ ಕಲಕಿ ಮಣಿಕಟ್ಟಿನ ಮೇಲೆ ಹನಿಸಿ ನೋಡದೆ ಉಣಿಸಕೂಡದು. ನಮ್ಮ ಎಂಜಲಿನ ನಿಯಮವೂ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಮಗುವಿನ ಬಾಯಿಗೆ ಹೋದ ಚಮಚ ಬಟ್ಟಲಿಗೆ ಮರಳಿದಾಗ ಜೊಲ್ಲಿನೊಂದಿಗೆ ಬಾಯಿಯ ಬ್ಯಾಕ್ಟೀರಿಯಾಗಳೂ, ಪಿಷ್ಟವನ್ನು ಕರಗಿಸುವ ಅಮೈಲೇಸೂ ಬಂದು ಸೇರುತ್ತವೆ; ಉಳಿದ ಸರಿ ಸ್ವಲ್ಪ ಹೊತ್ತಿನಲ್ಲಿ ನೀರಾಗುವುದು ಅದರಿಂದಲೇ. ಬೇಕಾದಷ್ಟನ್ನೇ ಬೇರೆ ಬಟ್ಟಲಿಗೆ ತೆಗೆದುಕೊಳ್ಳಬೇಕು, ಎಂಜಲಾದದ್ದನ್ನು ಮತ್ತೆ ಇಡಬಾರದು, ಒಮ್ಮೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬಾರದು.

ಕೊನೆಯದಾಗಿ ಕರೆಂಟು. ಮನೆಗೆ ಬೀಗ ಹಾಕಿ ಎರಡು ದಿನ ಊರಿಗೆ ಹೋದಾಗ ಅದು ಎಷ್ಟು ಹೊತ್ತು ಹೋಗಿತ್ತೆಂದು ಮರಳಿ ಬಂದವರಿಗೆ ತಿಳಿಯುವುದಿಲ್ಲ, ಏಕೆಂದರೆ ಕರಗಿ ಮತ್ತೆ ಗಟ್ಟಿಯಾದ ತುಂಡು ಮೊದಲಿನಂತೆಯೇ ಕಾಣುತ್ತದೆ. ಒಂದು ಸಣ್ಣ ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ, ಅದರ ಮೇಲೊಂದು ರೂಪಾಯಿ ನಾಣ್ಯವಿಟ್ಟು, ಟ್ರೇಯ ಪಕ್ಕದಲ್ಲೇ ಇರಿಸಿ ಹೊರಡಬೇಕು. ಬಂದು ನೋಡಿದಾಗ ನಾಣ್ಯ ಮೇಲೆಯೇ ಇದ್ದರೆ ತುಂಡುಗಳನ್ನು ಬಳಸಬಹುದು. ಅದು ಮಂಜಿನ ತಳದಲ್ಲಿ ಹೂತುಹೋಗಿದ್ದರೆ ಇಡೀ ಟ್ರೇಯನ್ನು ಚೆಲ್ಲಿ, ಹೊಸದಾಗಿ ಕುಂಬಳ ಬೇಯಲು ಇಡಬೇಕು.