32 ಕೆಬಿ ಕಂಪ್ಯೂಟರಿನಲ್ಲಿ 2048 ಗ್ರಹಗಳು ಹಿಡಿಸಿದ್ದು ಹೇಗೆ?

ಪ್ರಶ್ನೆ: ಎಲೀಟ್ ಎಂಬ ಹಳೆಯ ಬಾಹ್ಯಾಕಾಶದ ಆಟವನ್ನು ಎಮ್ಯುಲೇಟರಿನಲ್ಲಿ (ಹಳೆಯ ಕಂಪ್ಯೂಟರಿನ ಹಾಗೆ ನಡೆಯುವ ಪ್ರೋಗ್ರಾಮಿನಲ್ಲಿ) ಆಡುತ್ತಿದ್ದೇನೆ. ಎರಡು ಸಾವಿರಕ್ಕೂ ಜಾಸ್ತಿ ಗ್ರಹಗಳಿವೆ. ಪ್ರತಿಯೊಂದಕ್ಕೂ ಹೆಸರು, ಸರ್ಕಾರ, ಜನಸಂಖ್ಯೆ, ಮಾರುಕಟ್ಟೆ ಎಲ್ಲಾ ಇದೆ. ಆದರೆ ಆಟ ಮೊದಲು ಬಂದ ಕಂಪ್ಯೂಟರಿಗೆ ಇದ್ದದ್ದು ಬರೀ 32 ಕೆಬಿ ಮೆಮೊರಿ ಅಂತಾರೆ. ಇದನ್ನೆಲ್ಲಾ ಎಲ್ಲಿ ಇಟ್ಟಿದ್ದರು?

ಉತ್ತರ: ಎಲ್ಲೂ ಇಟ್ಟಿರಲಿಲ್ಲ. ನೀವು ನಕ್ಷೆ ತೆರೆದಾಗ ಕಂಪ್ಯೂಟರ್ ಆ ಗ್ರಹಗಳನ್ನು ಆಗಲೇ ಲೆಕ್ಕ ಹಾಕಿ ತೋರಿಸುತ್ತದೆ. ನಕ್ಷೆ ಮುಚ್ಚಿದರೆ ಅವು ಇಲ್ಲ. ಮತ್ತೆ ತೆರೆದರೆ ಅದೇ ಲೆಕ್ಕ, ಅದೇ ಉತ್ತರ, ಅದೇ ಗ್ರಹ. ಮಗ್ಗಿ ಪುಸ್ತಕ ಜೇಬಿನಲ್ಲಿಟ್ಟುಕೊಳ್ಳದೆ, ಬೇಕೆನಿಸಿದಾಗ ಗುಣಿಸಿಕೊಂಡ ಹಾಗೆ.

ಇಟ್ಟುಕೊಳ್ಳಲು ಜಾಗವೂ ಇರಲಿಲ್ಲ ಅನ್ನಿ. 1984ರಲ್ಲಿ ಸಾಫ್ಟ್‌ವೇರ್ ಕಂಪನಿ ಏಕಾರ್ನ್‌ಸಾಫ್ಟ್ ಈ ಆಟವನ್ನು ಬಿಬಿಸಿ ಮೈಕ್ರೊ ಕಂಪ್ಯೂಟರಿಗೆ ತಂದಿತು. ಬರೆದವರು ಕೇಂಬ್ರಿಡ್ಜ್‌ನಲ್ಲಿ ಓದುತ್ತಿದ್ದ ಇಬ್ಬರು ಹುಡುಗರು, ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್. ಆ 32 ಕೆಬಿಯಲ್ಲಿ ಸುಮಾರು 8 ಕೆಬಿ ಪರದೆಯ ಚಿತ್ರಕ್ಕೇ ಹೋಗುತ್ತದೆ. ಇನ್ನಷ್ಟನ್ನು ಕಂಪ್ಯೂಟರ್ ತನ್ನ ಕೆಲಸಕ್ಕೆ ಇಟ್ಟುಕೊಳ್ಳುತ್ತದೆ. ಉಳಿದದ್ದರಲ್ಲಿ ಹಡಗು, ಯುದ್ಧ, ವ್ಯಾಪಾರ, ಶಬ್ದ ಎಲ್ಲಾ ಆಗಬೇಕು. ಗ್ರಹಗಳ ಹೆಸರನ್ನಷ್ಟೇ ಬರೆದಿಡುತ್ತೇವೆ ಅಂದುಕೊಳ್ಳಿ. ಒಂದು ಹೆಸರಿಗೆ 8 ಅಕ್ಷರ, 8 ಬೈಟ್. 2048 ಹೆಸರಿಗೆ 16 ಕೆಬಿ. ಬರೀ ಹೆಸರುಗಳೇ ಅರ್ಧ ಮೆಮೊರಿ ತಿಂದುಬಿಡುತ್ತವೆ!

ಹಾಗಾಗಿ ಇಟ್ಟುಕೊಂಡದ್ದು ಮೂರೇ ಸಂಖ್ಯೆ: 23114, 584, 46931. ಒಟ್ಟು ಆರು ಬೈಟ್. ಆಟದಲ್ಲಿ ಎಂಟು ಗ್ಯಾಲಕ್ಸಿ, ಒಂದೊಂದರಲ್ಲೂ 256 ಗ್ರಹ. ಮೊದಲ ಗ್ಯಾಲಕ್ಸಿಯ 256 ಗ್ರಹಗಳೂ ಇವುಗಳಿಂದಲೇ ಹುಟ್ಟುತ್ತವೆ. ಹೇಗೆ ಅಂತ ಕಾಗದ ಪೆನ್ನು ಹಿಡಿದು ನೀವೇ ನೋಡಬಹುದು. ಇದು ನಿಜಕ್ಕೂ ಮಜಾ ಇದೆ.

ನಿಯಮ ಒಂದೇ. ಮೂರೂ ಸಂಖ್ಯೆಗಳನ್ನು ಕೂಡಿ. ಮೊತ್ತ 65536 ಅಥವಾ ಅದಕ್ಕೂ ಜಾಸ್ತಿ ಆದರೆ 65536 ಕಳೆಯಿರಿ, ಮತ್ತೂ ಜಾಸ್ತಿ ಉಳಿದರೆ ಮತ್ತೆ ಕಳೆಯಿರಿ. ಬಂದದ್ದು ಹೊಸ ಸಂಖ್ಯೆ. ಸಾಲಿನ ಮುಂದಿರುವುದನ್ನು ಬಿಟ್ಟು, ಹೊಸದನ್ನು ಕೊನೆಗೆ ಸೇರಿಸಿ. ಮತ್ತೆ ಕೂಡಿ.

ಹೆಸರು ಬರುವುದು ಸಾಲಿನ ಕೊನೆಯ ಸಂಖ್ಯೆಯಿಂದ. ಅದನ್ನು 256ರಿಂದ ಭಾಗಿಸಿ, ಪೂರ್ಣಾಂಕ ಮಾತ್ರ ಇಟ್ಟುಕೊಳ್ಳಿ. ಅದನ್ನು 32ರಿಂದ ಭಾಗಿಸಿ, ಶೇಷ ನೋಡಿ. ಆಟದೊಳಗೆ ಎರಡೆರಡು ಇಂಗ್ಲಿಷ್ ಅಕ್ಷರಗಳ ಒಂದು ಪಟ್ಟಿ ಇದೆ. ಶೇಷ ಎಷ್ಟೋ, ಪಟ್ಟಿಯಲ್ಲಿ ಅಷ್ಟನೆಯ ಜೋಡಿ ತಗೊಳ್ಳಬೇಕು. 46931ರಿಂದ 183 ಬರುತ್ತದೆ, ಶೇಷ 23. ಇಪ್ಪತ್ತಮೂರನೆಯ ಜೋಡಿ "ಟಿ" (TI). ಈಗ ಮೂರನ್ನೂ ಕೂಡಿದರೆ 70629, ಕಳೆದರೆ 5093. ಅದರಿಂದ 19, ಅಂದರೆ "ಬೆ". ಮುಂದಿನ ಮೊತ್ತ 52608. ಅದರಿಂದ 205, ಶೇಷ 13, "ಡಿ". ಅದರ ಮುಂದೆ 39096. 152, ಶೇಷ 24, "ಎಡ್". ಟಿಬೆಡಿಯೆಡ್ (TIBEDIED). ಆಟದ ಮೊದಲ ಗ್ರಹದ ಹೆಸರು ಅದೇ.

ಇನ್ನೊಂದು ಸಲ ಕೂಡಿದರೆ 31261. ಇಲ್ಲಿಂದ ಎರಡನೆಯ ಗ್ರಹ ಶುರು. ಇದರ ಶೇಷ 26, "ಕ್ಯು". ಮುಂದಿನದಕ್ಕೆ ಶೇಷ ಸೊನ್ನೆ ಬರುತ್ತದೆ. ಸೊನ್ನೆ ಬಂದರೆ ಏನೂ ಬರೆಯಬಾರದು. ಅದಾದ ಮೇಲೆ 19, "ಬೆ". ಕ್ಯುಬೆ. ಕೆಲವು ಹೆಸರು ಇಷ್ಟು ಚಿಕ್ಕದಾಗಿರುವುದಕ್ಕೆ ಈ ಸೊನ್ನೆಯೂ ಒಂದು ಕಾರಣ.

ಉಳಿದ ವಿವರಗಳೂ ಇದೇ ಸಂಖ್ಯೆಗಳ ಬೇರೆ ಬೇರೆ ತುಂಡುಗಳು. ಟಿಬೆಡಿಯೆಡ್‌ನ 584ನ್ನು 256ರಿಂದ ಭಾಗಿಸಿದರೆ 2. ಅದು ನಕ್ಷೆಯಲ್ಲಿ ಎಡದಿಂದ ಎಷ್ಟು ದೂರ ಅನ್ನುವುದು. 23114ರಿಂದ 90, ಅದು ಮೇಲಿನಿಂದ ಎಷ್ಟು ಕೆಳಗೆ ಅನ್ನುವುದು. ಅದೇ 90ನ್ನು 8ರಿಂದ ಭಾಗಿಸಿದರೆ ಶೇಷ 2. ಅಂದರೆ ಬಡ ಕೈಗಾರಿಕಾ ಗ್ರಹ. ಸರ್ಕಾರ, ತಂತ್ರಜ್ಞಾನದ ಮಟ್ಟ, ಜನಸಂಖ್ಯೆ ಕೂಡ ಹೀಗೇ. ಆಟದ ಫ್ಲಾಪಿ ಡಿಸ್ಕ್ ಆವೃತ್ತಿಯಲ್ಲಿ ಗ್ರಹದ ಬಗ್ಗೆ ಒಂದೆರಡು ಸಾಲಿನ ತಮಾಷೆಯ ವರ್ಣನೆ ಬರುತ್ತದಲ್ವಾ, ಆಟ ಶುರುವಾಗುವ ಲೇವ್ ಗ್ರಹದ ಮಳೆಕಾಡು, ಅಲ್ಲಿನ ಮರದ ಹುಳು ಅಂತ? ಅದನ್ನೂ ಯಾರೂ ಗ್ರಹಕ್ಕೊಂದರಂತೆ ಕೂತು ಬರೆದಿಲ್ಲ. ಪದಗಳ ತುಣುಕುಗಳನ್ನು ಸಂಖ್ಯೆ ನೋಡಿ ಜೋಡಿಸುತ್ತದೆ.

ಗ್ಯಾಲಕ್ಸಿಗಳು ಎಂಟೇ ಯಾಕೆ ಅನ್ನೋದಕ್ಕೂ ಉತ್ತರ ಇಲ್ಲೇ ಇದೆ. 5000 ಕ್ರೆಡಿಟ್ (ಆಟದ ದುಡ್ಡು) ಕೊಟ್ಟು, ಮುಂದಿನ ಗ್ಯಾಲಕ್ಸಿಗೆ ಜಿಗಿಸುವ ಗ್ಯಾಲಕ್ಟಿಕ್ ಹೈಪರ್‌ಡ್ರೈವ್ ಕೊಂಡು ಒತ್ತಿದಾಗ ಆಟ ಮಾಡುವುದು ಇಷ್ಟೇ: ಆ ಆರು ಬೈಟ್‌ಗಳಲ್ಲಿ ಒಂದೊಂದರ ಬಿಟ್‌ಗಳನ್ನೂ (0, 1 ಅಂಕಿಗಳನ್ನು) ಒಂದು ಮನೆ ಎಡಕ್ಕೆ ಸುತ್ತಿಸುತ್ತದೆ. ಎಡ ತುದಿಯಿಂದ ಬಿದ್ದದ್ದು ಬಲ ತುದಿಗೆ ಬರುತ್ತದೆ. ಒಂದು ಬೈಟ್‌ನಲ್ಲಿ ಎಂಟು ಬಿಟ್. ಎಂಟು ಸಲ ಸುತ್ತಿಸಿದರೆ ಮೊದಲಿನ ಜಾಗಕ್ಕೇ ಬಂತು. ಎಂಟನೆಯ ಜಿಗಿತಕ್ಕೆ ನೀವೂ ಮೊದಲ ಗ್ಯಾಲಕ್ಸಿಗೇ ವಾಪಸ್.

ಬೇಕಿದ್ದರೆ ಇದಕ್ಕಿಂತ ಎಷ್ಟೋ ಜಾಸ್ತಿ ಮಾಡಬಹುದಿತ್ತು. ಬ್ರೇಬೆನ್, ಬೆಲ್ ಮೊದಲು ಯೋಚಿಸಿದ್ದು 281 ಲಕ್ಷ ಕೋಟಿಗೂ ಹೆಚ್ಚು ಗ್ಯಾಲಕ್ಸಿಗಳು. ಆರು ಬೈಟ್‌ಗಳಲ್ಲಿ ಅಷ್ಟು ಬೇರೆ ಬೇರೆ ಸಂಖ್ಯೆ ಹಿಡಿಸುತ್ತವೆ. ಇಷ್ಟು ಬೇಡ, ಇದೆಲ್ಲಾ ಬರೀ ಲೆಕ್ಕ ಅಂತ ಆಡುವವರಿಗೆ ಗೊತ್ತಾಗಿಬಿಡುತ್ತದೆ ಎಂದು ಏಕಾರ್ನ್‌ಸಾಫ್ಟ್‌ನವರು ತಡೆದರು. ನನ್ನ ಪ್ರಕಾರ ಈ ಆಟದಲ್ಲಿ ಯಾರೋ ತೆಗೆದುಕೊಂಡ ಅತಿ ಜಾಣ ನಿರ್ಧಾರ ಅದು.

ಯಾಕೆಂದರೆ ಗ್ರಹ ಹುಟ್ಟಿಸುವುದು ಸುಲಭ. ಅದನ್ನು ದೂರ ಅನ್ನಿಸುವ ಹಾಗೆ ಮಾಡುವುದು ಕಷ್ಟ. ನಿಜ ಹೇಳಬೇಕೆಂದರೆ ಎಲೀಟ್‌ನ ಗ್ರಹಗಳಲ್ಲಿ ನೋಡಲು ಏನೂ ಇಲ್ಲ. ಗೆರೆಯಲ್ಲಿ ಬರೆದ ಒಂದು ವೃತ್ತ, ಅದರ ಹತ್ತಿರ ತಿರುಗುವ ಒಂದು ನಿಲ್ದಾಣ. ಎಲ್ಲಿ ಹೋದರೂ ಹೆಚ್ಚುಕಡಿಮೆ ಇದೇ. ಆದರೂ ವಿಶ್ವ ದೊಡ್ಡದು ಅನ್ನಿಸುತ್ತದೆ, ಅಲ್ವಾ? ಅದಕ್ಕೆ ಕಾರಣ ನಿಮ್ಮ ಇಂಧನದ ಟ್ಯಾಂಕ್. ತುಂಬಿಸಿದರೂ 7 ಜ್ಯೋತಿರ್ವರ್ಷಕ್ಕಷ್ಟೇ ಸಾಕು. ಗ್ಯಾಲಕ್ಸಿ ಅಡ್ಡಕ್ಕೆ ಸುಮಾರು 100 ಜ್ಯೋತಿರ್ವರ್ಷ. ಈ ತುದಿಯಿಂದ ಆ ತುದಿಗೆ ಹೋಗಲು ಕಡಿಮೆ ಅಂದರೂ ಹದಿನೈದು ಜಿಗಿತ ಬೇಕು. ಪ್ರತಿ ಜಿಗಿತ ಆದಮೇಲೂ ಗ್ರಹದಿಂದ ದೂರದಲ್ಲಿ ಇಳಿಯುತ್ತೀರಿ. ನಿಲ್ದಾಣ ಸೇರುವವರೆಗೂ ಕಡಲ್ಗಳ್ಳರ ಕಾಟ. ಅರಾಜಕ ಗ್ರಹವಾದರೆ ಕಾಟ ಇನ್ನೂ ಜಾಸ್ತಿ. ಲೇವ್‌ನ ನೆರೆಯ ರೀಡ್‌ಕ್ವಾಟ್ ಅಂಥದ್ದೇ. ಲೆಕ್ಕ ಎಲ್ಲರಿಗೂ ಒಂದೇ ಆದ್ದರಿಂದ ರೀಡ್‌ಕ್ವಾಟ್ ಎಲ್ಲರ ಕಂಪ್ಯೂಟರಿನಲ್ಲೂ ಅರಾಜಕವೇ. ಒಬ್ಬರು ಕೊಟ್ಟ ಎಚ್ಚರಿಕೆ ಇನ್ನೊಬ್ಬರಿಗೆ ಉಪಯೋಗಕ್ಕೆ ಬರುತ್ತದೆ.

ಲೆಕ್ಕದಿಂದ ಹುಟ್ಟದೆ ಇರುವುದು ನೀವು ಮಾಡಿದ್ದು ಮಾತ್ರ. ಎಷ್ಟು ದುಡ್ಡಿದೆ, ಎಲ್ಲಿದ್ದೀರಿ, ಹಡಗಿನಲ್ಲಿ ಏನೇನಿದೆ, ಎಷ್ಟು ಹಡಗು ಉರುಳಿಸಿದ್ದೀರಿ. ಅದನ್ನು ಸೇವ್ ಮಾಡಲೇಬೇಕು. ಅದಕ್ಕೆ ನೂರು ಬೈಟ್ ಕೂಡ ಬೇಡ. ಮಾರುಕಟ್ಟೆ ದರ ಮಾತ್ರ ಸ್ವಲ್ಪ ನಡುವಿನದು: ಗ್ರಹದ ಆರ್ಥಿಕತೆಯಿಂದ ಒಂದು ದರ ಬರುತ್ತದೆ, ಅದರ ಮೇಲೆ ಪ್ರತಿ ಭೇಟಿಗೂ ಚೂರು ಏರುಪೇರು.

ಈ ಸೂತ್ರ ಗೊತ್ತಿದ್ದರೆ ಆಡುವುದಕ್ಕೂ ಅನುಕೂಲ. ಆಟ ಶುರುವಾಗುವಾಗ ನೀವು ಲೇವ್‌ನಲ್ಲಿ, ಕೈಯಲ್ಲಿ 100 ಕ್ರೆಡಿಟ್. ಲೇವ್ ಶ್ರೀಮಂತ ಕೃಷಿ ಗ್ರಹ. ಒಂದು ಟನ್ ಆಹಾರ 4 ಕ್ರೆಡಿಟ್ ಆಸುಪಾಸಿಗೆ ಸಿಗುತ್ತದೆ. ಕೈಗಾರಿಕೆಯ ಜಾವೊನ್ಸ್‌ಗೆ ಒಯ್ದರೆ 7ರ ಆಸುಪಾಸು. ಕಂಪ್ಯೂಟರಿನ ಕತೆ ಉಲ್ಟಾ: ಜಾವೊನ್ಸ್‌ನಲ್ಲಿ 67ರ ಹತ್ತಿರ ಕೊಂಡು ಲೇವ್‌ನಲ್ಲಿ 90ರ ಹತ್ತಿರ ಮಾರಬಹುದು. ಹೋಗುವಾಗ ಆಹಾರ, ಬರುವಾಗ ಕಂಪ್ಯೂಟರ್. ಮಾದಕವಸ್ತು, ಗುಲಾಮರು, ಬಂದೂಕು ಸಾಗಿಸಿದರೆ ಪೊಲೀಸರು ಬೆನ್ನು ಹತ್ತುತ್ತಾರೆ. ಶುರುವಿನಲ್ಲಿ ಸುಮ್ನೆ ಅದರ ತಂಟೆಗೆ ಹೋಗಬೇಡಿ.

ಹೊಸಬರು ಸಾಯುವುದು ಹೆಚ್ಚಾಗಿ ಕಡಲ್ಗಳ್ಳರಿಂದಲ್ಲ, ನಿಲ್ದಾಣದ ಗೋಡೆಗೆ ಗುದ್ದಿ. ನಿಲ್ದಾಣದ ಬಾಗಿಲು ಯಾವಾಗಲೂ ಗ್ರಹದ ಕಡೆಗಿರುತ್ತದೆ. ಆದ್ದರಿಂದ ಮೊದಲು ಗ್ರಹಕ್ಕೂ ನಿಲ್ದಾಣಕ್ಕೂ ನಡುವೆ ಹೋಗಿ ನಿಲ್ಲಿ. ಆಮೇಲೆ ತಿರುಗಿ, ಬಾಗಿಲನ್ನು ಪರದೆಯ ನಟ್ಟನಡುವೆ ತಂದುಕೊಳ್ಳಿ. ಓರೆಯಿಂದ ನುಗ್ಗಲು ಹೋಗಬೇಡಿ. ವೇಗ ಇಳಿಸಿ. ನಿಲ್ದಾಣ ಉರುಳುವ ದಿಕ್ಕಿಗೇ ನೀವೂ ಉರುಳುತ್ತಾ, ಆ ಸೀಳು ಅಡ್ಡಡ್ಡ ಇರುವ ಹಾಗೆ ನೋಡಿಕೊಂಡು ಒಳಗೆ ಹೋಗಿ. ಇದನ್ನು ತಾನೇ ಮಾಡುವ ಡಾಕಿಂಗ್ ಕಂಪ್ಯೂಟರಿಗೆ 1500 ಕ್ರೆಡಿಟ್. ಲೇವ್‌ನಲ್ಲಿ ಅದು ಸಿಗುವುದಿಲ್ಲ, ತಂತ್ರಜ್ಞಾನದ ಮಟ್ಟ ಹೆಚ್ಚಿರುವ ಗ್ರಹವನ್ನೇ ಹುಡುಕಬೇಕು. ಅಲ್ಲಿಯವರೆಗೆ ಪ್ರತಿ ಸಲ ನಿಲ್ದಾಣ ಸೇರಿದ ತಕ್ಷಣ ಸೇವ್ ಮಾಡಿ.