ಶೆಡ್ಡಿಗೆ ಬಂದ ಮಿಲ್ಲಿಂಗ್ ಮೆಷಿನ್: ಫಿಟ್ಟರ್ ಕೆಲಸ ಮಾಲೀಕನ ಪಾಲಿಗೆ ಬಂದದ್ದು ಹೇಗೆ

ಮೇಜಿನ ಮೇಲೆ ಕೂರುವ ಚಿಕ್ಕ ಮಿಲ್ಲಿಂಗ್ ಮೆಷಿನ್ (ತಿರುಗುವ ಕಟ್ಟರ್ ಲೋಹ ಕೆತ್ತುವ ಯಂತ್ರ) ಕೊಂಡವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಒಂದಿದೆ: ಮೆಷಿನ್ ಹೊಸದು, ಕಟ್ಟರ್ ಹೊಸದು, ಆದರೂ ಪ್ಲೇಟಿನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಗೆರೆ ಯಾಕೆ ಬೀಳುತ್ತದೆ? ತುಮಕೂರಿನ ಮನೆ ಹಿಂದಿನ ಶೆಡ್ಡಿನಲ್ಲಿ ಮೋಟಾರ್ ಶಾಫ್ಟಿಗೆ ಕೀ ಸ್ಲಾಟ್ ಹೊಡೆಯುವವರಿಗೂ, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಯಂತ್ರಕ್ಕೆ ಬ್ರಾಕೆಟ್ ಮಾಡಿಕೊಳ್ಳುವವರಿಗೂ ತೊಂದರೆ ಒಂದೇ. ಉತ್ತರ ಈ ಮೆಷಿನ್ ಬೆಳೆದು ಬಂದ ದಾರಿಯಲ್ಲಿದೆ.

ಅಮೆರಿಕದ ಬ್ರೌನ್ ಆ್ಯಂಡ್ ಶಾರ್ಪ್ ಕಂಪನಿಯ ಜೋಸೆಫ್ ಬ್ರೌನ್ 1862ರಲ್ಲಿ ಯೂನಿವರ್ಸಲ್ ಮಿಲ್ಲಿಂಗ್ ಮೆಷಿನ್ ರೂಪಿಸಿದರು. ಟ್ವಿಸ್ಟ್ ಡ್ರಿಲ್ಲಿನ ಸುರುಳಿ ತೋಡನ್ನು ಕೈಯಲ್ಲಿ ಅರ ಹಾಕಿ ತೆಗೆಯುವ ಕಷ್ಟ ತಪ್ಪಿಸುವುದು ಆಗಿನ ಉದ್ದೇಶ. 1938ರಲ್ಲಿ ಬ್ರಿಡ್ಜ್‌ಪೋರ್ಟ್ ಮೆಷಿನ್ ಬಂತು. ಅದರ ತಲೆಯನ್ನು (ಕಟ್ಟರ್ ಹಿಡಿದು ತಿರುಗಿಸುವ ಭಾಗವನ್ನು) ಬೇಕಾದ ಕೋನಕ್ಕೆ ವಾಲಿಸಬಹುದಿತ್ತು. ವಾಲಿಸಲು ಬರುವ ತಲೆಯನ್ನು ಮತ್ತೆ ನೆಟ್ಟಗೆ ನಿಲ್ಲಿಸಲೂಬೇಕಲ್ಲ. ಹೀಗೆ ತಲೆಯನ್ನು ಟೇಬಲ್ಲಿಗೆ ಲಂಬವಾಗಿ ನಿಲ್ಲಿಸುವುದು, ಅಂದರೆ ಟ್ರ್ಯಾಮ್ ಮಾಡುವುದು, ದಿನದ ಕೆಲಸವಾದದ್ದು ಈ ಬಗೆಯ ಮೆಷಿನ್‌ಗಳಿಂದ.

ನಮ್ಮಲ್ಲಿ ಯಂತ್ರ ತಯಾರಿಸುವ ಸರ್ಕಾರಿ ಕಂಪನಿ ಎಚ್‌ಎಂಟಿ 1953ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ತುಮಕೂರಿಗೆ ಅದರ ವಾಚ್ ಕಾರ್ಖಾನೆ ಬಂತು, ಕೆಜಿಎಫ್‌ನಲ್ಲಿ ಚಿನ್ನದ ಗಣಿಯ ವರ್ಕ್‌ಶಾಪ್‌ಗಳ ಜೊತೆಗೆ ಭಾರಿ ಯಂತ್ರಗಳ ಕಾರ್ಖಾನೆ ಬೆಮೆಲ್ ಬೆಳೆಯಿತು. ಟನ್‌ಗಟ್ಟಲೆ ತೂಗುವ, ಮೂರು ಫೇಸ್ ಕರೆಂಟ್ ಬೇಡುವ ಆ ಕಾಲದ ಮಿಲ್ಲಿಂಗ್ ಮೆಷಿನ್‌ನ ಸ್ಲೈಡುಗಳಿಗೆ (ಒಂದರ ಮೇಲೊಂದು ಜಾರುವ ಮುಖಗಳಿಗೆ) ಫಿಟ್ಟರ್ ನೀಲಿ ಬಣ್ಣ ಹಚ್ಚಿ, ಉಜ್ಜಿ ನೋಡಿ, ಎತ್ತರ ಕಂಡ ಕಡೆ ಸ್ಕ್ರೇಪರ್‌ನಿಂದ ಕೆರೆದು ಕೂರಿಸುತ್ತಿದ್ದ. ಮೆಷಿನ್ ಜೊತೆ ಅಳೆದು ನೋಡಿದ ಲೆಕ್ಕದ ಟೆಸ್ಟ್ ಚಾರ್ಟ್ ಬರುತ್ತಿತ್ತು. ಗಣಿ 2001ರಲ್ಲಿ ನಿಂತಿತು. ಎಚ್‌ಎಂಟಿ ವಾಚಸ್ ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿತು. ಮನೆಗೆ ಬರುತ್ತಿರುವುದು ಬೇರೆಯೇ ಜಾತಿಯ ಮೆಷಿನ್.

ತೈವಾನಿನಿಂದ ಬಂದ, ಮಿಲ್ಲಿಂಗೂ ಡ್ರಿಲ್ಲಿಂಗೂ ಮಾಡುವ ಮಿಲ್-ಡ್ರಿಲ್‌ಗಳಿಗೆ ಗುಂಡನೆಯ ಕಂಬವಿತ್ತು. ತಲೆ ಮೇಲೆತ್ತಿದರೆ ಅದು ಕಂಬದ ಸುತ್ತ ತಿರುಗಿ, ಹಿಡಿದಿಟ್ಟ ಸೊನ್ನೆ (ಅಳತೆ ಶುರುವಾಗುವ ಜಾಗ) ಹೋಗುತ್ತಿತ್ತು. ಆ ಕೊರತೆಗೆ, ತಲೆ ತಿರುಗದಂತೆ ಓರೆ ಅಂಚಿನಲ್ಲಿ ಹಿಡಿಯುವ ಡವ್‌ಟೇಲ್ ಕಂಬ ಉತ್ತರವಾಯಿತು. ಚೀನಾದ ಸೀಗ್ ಕಂಪನಿಯ ಎಕ್ಸ್2, ಎಕ್ಸ್3 ಮಾದರಿಗಳು ಈ ಬಗೆಯವು; 230 ವೋಲ್ಟ್ ಸಿಂಗಲ್ ಫೇಸ್ ಸಾಕು. ಬೆಲೆ ಇಳಿಯಲು ಕೈಬಿಟ್ಟದ್ದು ಮುಖ್ಯವಾಗಿ ಫಿಟ್ಟರ್‌ನ ಆ ಕೈಕೆಲಸವನ್ನೇ. ಎರಕ ಚೆನ್ನಾಗಿರುತ್ತದೆ, ಸ್ಕ್ರೂ ಚೆನ್ನಾಗಿರುತ್ತದೆ, ಕೂರಿಸುವ ಕೆಲಸ ಮಾತ್ರ ಅರ್ಧಕ್ಕೆ ನಿಂತಿರುತ್ತದೆ. ಇದನ್ನು ಮೋಸ ಎನ್ನುವುದು ಸರಿಯಲ್ಲ. ಉಳಿದರ್ಧವನ್ನು ಕೊಂಡವರು ಮಾಡಬೇಕು, ಸರಿಯಾದ ಕ್ರಮದಲ್ಲಿ ಮಾಡಬೇಕು.

ಮೊದಲು ತುಕ್ಕು ತಡೆಯಲು ಬಳಿದ ಅಂಟು ಗ್ರೀಸನ್ನು ಸೀಮೆಎಣ್ಣೆಯಿಂದ ತೊಳೆದು, ವಿಜಿ 68 ಸ್ಲೈಡ್‌ವೇ ಎಣ್ಣೆ ಹಾಕಬೇಕು. ಸ್ಲೈಡಿಗೆ ಗ್ರೀಸ್ ಬೇಡ. ಲೋಹದ ಪುಡಿ ಅದಕ್ಕೆ ಅಂಟಿ ಉಜ್ಜುಕಾಗದದಂತೆ ಸವೆಸುತ್ತದೆ. ನಂತರ ಸ್ಟ್ಯಾಂಡ್. ಕಂಬಕ್ಕೆ ಡಯಲ್ (ಸಣ್ಣ ಅಲುಗಾಟವನ್ನೂ ಮುಳ್ಳಿನಿಂದ ತೋರಿಸುವ ಗೇಜು) ಹಚ್ಚಿ, ಅದರ ಮೂತಿಯನ್ನು ಟೇಬಲ್ ಮೇಲಿಟ್ಟು, ಬೇಸಿನ ನಾಲ್ಕು ಬೋಲ್ಟುಗಳನ್ನು ಒಂದೊಂದಾಗಿ ಬಿಗಿಯಿರಿ. ಮುಳ್ಳು ಅಲುಗಿದರೆ ಬೇಸ್ ತಿರುಚಿಕೊಳ್ಳುತ್ತಿದೆ ಎಂದರ್ಥ. ಆ ಕಾಲಿನಡಿ ಶಿಮ್ (ಸಂದು ತುಂಬುವ ತೆಳು ತಗಡು) ಬೇಕು. ಇದನ್ನು ಬಿಟ್ಟು ಮುಂದೆ ಹೋದವರು ಟ್ರ್ಯಾಮನ್ನು ಎರಡು ಸಲ ಮಾಡುತ್ತಾರೆ.

ಸ್ಲೈಡಿನ ಸಡಿಲು ತೆಗೆಯುವ ಗಿಬ್ ಪಟ್ಟಿಯ ಕೆಲಸಕ್ಕೆ ತಾಳ್ಮೆ ಬೇಕು. ಅದನ್ನು ಹೊರತೆಗೆದು ಅಂಚಿನಲ್ಲಿ ಎದ್ದ ಲೋಹದ ಸಿಬುರುಗಳನ್ನು ಸಾಣೆಕಲ್ಲಿನಿಂದ ತೆಗೆಯಿರಿ. ಸ್ಕ್ರೂ ತುದಿ ಪಟ್ಟಿಯ ಕುಳಿಯಲ್ಲೇ ಕೂರುತ್ತದೆಯೇ ನೋಡಿ. ಕುಳಿ ತಪ್ಪಿದರೆ ಪಟ್ಟಿ ಓರೆಯಾಗಿ ಒಂದು ಅಂಚಿನ ಮೇಲೆ ಮಾತ್ರ ಒತ್ತುತ್ತದೆ. ಪ್ರತಿ ಸ್ಕ್ರೂವನ್ನೂ ಟೇಬಲ್ ಹಿಡಿಯುವವರೆಗೆ ಬಿಗಿದು, ಎಂಟನೇ ಒಂದು ಸುತ್ತು ಸಡಿಲಿಸಿ, ಅಲೆನ್ ಕೀಯಿಂದ ಸ್ಕ್ರೂ ಹಿಡಿದುಕೊಂಡೇ ಲಾಕ್ ನಟ್ ಬಿಗಿಯಬೇಕು. ಹಿಡಿಯದಿದ್ದರೆ ನಟ್ ಜೊತೆ ಸ್ಕ್ರೂವೂ ತಿರುಗುತ್ತದೆ. ಟೇಬಲ್ಲಿನ ತುದಿಯನ್ನು ಕೈಯಲ್ಲಿ ಹಿಂದೆ ಮುಂದೆ ಒತ್ತಿದಾಗ ಡಯಲ್ 0.02 ಮಿ.ಮೀ. ಒಳಗಿದ್ದರೆ ಸಾಕು. ಹಳೆ ಮೆಷಿನ್‌ನಲ್ಲಿ ನಡುಭಾಗ ಸವೆದು ಸಡಿಲ, ತುದಿ ಬಿಗಿ ಇರುತ್ತದೆ. ಗಿಬ್ಬನ್ನು ಬಿಗಿ ಇರುವ ಕಡೆಗೆ ಹೊಂದಿಸಬೇಕು.

ಬ್ಯಾಕ್‌ಲ್ಯಾಶ್ ಬೇರೆ ವಿಷಯ. ಅದು ಟೇಬಲ್ ಸಾಗಿಸುವ ಲೀಡ್ ಸ್ಕ್ರೂ ಮತ್ತು ನಟ್ಟಿನ ನಡುವಿನ ಸಡಿಲು. ಗಿಬ್ ಬಿಗಿದರೆ ಹೋಗುವುದಿಲ್ಲ. ಹೊಂದಿಸಲೆಂದು ಸೀಳು ಬಿಟ್ಟ ನಟ್ ಆಗಿದ್ದರೆ ಅದರ ಸ್ಕ್ರೂನಿಂದ 0.05 ಮಿ.ಮೀ.ಗೆ ತರಬಹುದು. ಅದಕ್ಕಿಂತ ಇಳಿಸಹೋದರೆ ಸವೆಯದ ತುದಿಗಳಲ್ಲಿ ಕೈಚಕ್ರ ಹಿಡಿಯುತ್ತದೆ. ಕಟ್ಟರ್ ತಿರುಗುವ ದಿಕ್ಕಿಗೇ ಜಾಬ್ (ಕೆತ್ತುವ ಲೋಹದ ತುಂಡು) ಸಾಗಿಸುವ ಕ್ಲೈಂಬ್ ಕಟ್ ಇಲ್ಲಿ ಅಪಾಯ: ಎಷ್ಟು ಸಡಿಲವಿದೆಯೋ ಅಷ್ಟು ದೂರ ಕಟ್ಟರ್ ಟೇಬಲನ್ನು ತಟ್ಟನೆ ಎಳೆದುಕೊಳ್ಳುತ್ತದೆ, ಎಂಡ್ ಮಿಲ್ (ಕಡ್ಡಿಯಂಥ ಆ ಕಟ್ಟರ್) ಮುರಿಯುತ್ತದೆ. ಕೊನೆಯ 0.05 ಮಿ.ಮೀ. ಫಿನಿಶಿಂಗಿಗೆ ಮಾತ್ರ ಅದು ಸರಿ.

ಮೆಟ್ಟಿಲಿನ ಗೆರೆಗೆ ಕಾರಣ ಟ್ರ್ಯಾಮ್ ತಪ್ಪಿರುವುದು. ಸ್ಪಿಂಡಲ್ಲಿಗೆ (ಕಟ್ಟರ್ ತಿರುಗಿಸುವ ದಂಡಕ್ಕೆ) ಲಿವರ್ ಡಯಲ್ ಹಿಡಿಸಿ 150 ಮಿ.ಮೀ. ವ್ಯಾಸದಲ್ಲಿ ಕೈಯಿಂದ ಸುತ್ತಿಸಬೇಕು. ಟೇಬಲ್ ಕಿರಿದು, ಜೊತೆಗೆ ಟಿ-ಸ್ಲಾಟುಗಳು (ಬೋಲ್ಟ್ ಕೂರುವ ಸೀಳುಗಳು) ಅಡ್ಡ. ಗುಜರಿಯ 6218 ಬೇರಿಂಗಿನ ಹೊರ ಉಂಗುರ ಸಿಕ್ಕರೆ ಬಹಳ ಒಳ್ಳೆಯದು: ಹೊರವ್ಯಾಸ 160 ಮಿ.ಮೀ., ಎರಡೂ ಮುಖ ಗ್ರೈಂಡ್ ಆಗಿ ಸಮಾಂತರವಾಗಿರುತ್ತವೆ. ಗಾಯವಿಲ್ಲದ್ದು ನೋಡಿ ಆರಿಸಿ, ತೊಳೆದು ಟೇಬಲ್ ಮೇಲಿಟ್ಟು, ಡಯಲಿನ ಮೂತಿಯನ್ನು ಅದರ ಮೇಲೆ ಓಡಿಸಿ.

ಮುಂದೆ-ಹಿಂದೆ 150 ಮಿ.ಮೀ.ಗೆ 0.10 ವ್ಯತ್ಯಾಸವಿದೆ ಎನ್ನಿ. 60 ಮಿ.ಮೀ. ಅಗಲಕ್ಕೆ ಕೆತ್ತುವ ಒಂಟಿ ಹಲ್ಲಿನ ಫ್ಲೈ ಕಟ್ಟರ್ ಟೇಬಲ್ಲಿನ ಉದ್ದಕ್ಕೆ ಓಡಿದಾಗ ಪಕ್ಕಪಕ್ಕದ ಎರಡು ಪಾಸುಗಳ ನಡುವೆ 0.04ರ ಮೆಟ್ಟಿಲು ಬೀಳುತ್ತದೆ. ಎಡ-ಬಲಕ್ಕೆ ಅಷ್ಟೇ ವಾಲಿದ್ದರೆ ಮೆಟ್ಟಿಲಿಲ್ಲ, ಪ್ರತಿ ಪಾಸಿನ ನಡುವೆ ಸುಮಾರು 0.02ರ ತಗ್ಗು. ಗೆರೆ ನೋಡಿಯೇ ತಪ್ಪು ಯಾವ ಕಡೆ ಎಂದು ಹೇಳಬಹುದು.

ಎಡ-ಬಲಕ್ಕೆ ವಾಲುವ ಕಂಬವಾದರೆ ಬುಡದ ದೊಡ್ಡ ನಟ್ ಅರೆಬರೆ ಸಡಿಲಿಸಿ, ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟಿ ಸರಿಪಡಿಸಿ. ನಟ್ ಬಿಗಿಯುವಾಗ ಅದು ಮತ್ತೆ ಸರಿಯುತ್ತದೆ, ಬಿಗಿದ ಮೇಲೆ ಇನ್ನೊಮ್ಮೆ ಡಯಲ್ ಸುತ್ತಿಸಿ. ಮುಂದೆ-ಹಿಂದಿನ ತಪ್ಪಿಗೆ ಶಿಮ್ ಒಂದೇ ದಾರಿ. ಡಯಲ್ ವ್ಯತ್ಯಾಸವನ್ನು ಬೋಲ್ಟುಗಳ ಅಂತರದಿಂದ ಗುಣಿಸಿ, ಸುತ್ತಿನ ವ್ಯಾಸದಿಂದ ಭಾಗಿಸಿ. ವ್ಯತ್ಯಾಸ 0.08, ಬೋಲ್ಟ್ ಅಂತರ 100, ವ್ಯಾಸ 150 ಇದ್ದರೆ ಶಿಮ್ 0.05 ಮಿ.ಮೀ.; ಫೀಲರ್ ಗೇಜಿನ ಎಲೆ ಸಾಕು. ಮುಂದುಗಡೆ ಡಯಲ್ ಹೆಚ್ಚು ಒತ್ತಿದರೆ ತಲೆ ಮುಂದಕ್ಕೆ ಬಾಗಿದೆ, ಶಿಮ್ ಕಂಬದ ಮುಂದಿನ ಬೋಲ್ಟುಗಳ ಕೆಳಗೆ ಹೋಗಬೇಕು. 150ಕ್ಕೆ 0.02 ಬಂದರೆ ಮನೆ ಕೆಲಸಕ್ಕೆ ಧಾರಾಳ.

ಇಷ್ಟಾದ ಮೇಲೂ ಕಂಬ ಟೇಬಲ್ಲಿಗೆ ಲಂಬವಾಗಿದೆಯೇ ಎಂಬುದು ಪ್ರತ್ಯೇಕವಾಗಿ ನೋಡಬೇಕಾದದ್ದು. ಟೇಬಲ್ ಮೇಲೆ ಮೂಲೆಮಟ್ಟ (ಸ್ಕ್ವೇರ್) ನಿಲ್ಲಿಸಿ, ತಲೆಯನ್ನು 100 ಮಿ.ಮೀ. ಏರಿಸಿ ಇಳಿಸಿ ಡಯಲ್ ನೋಡಿ. ಇದು ಸರಿಯಿಲ್ಲದಿದ್ದರೆ ಚಿಕ್ಕ ಸೆಂಟರ್ ಡ್ರಿಲ್ ಗುರುತಿಸಿದ ಜಾಗ ಒಂದು, ತಲೆ ಮೇಲೆತ್ತಿ ಹಾಕಿದ ಉದ್ದನೆಯ ಡ್ರಿಲ್ ಇಳಿಯುವ ಜಾಗ ಇನ್ನೊಂದು. ಜಾಬ್ ಹಿಡಿಯುವ ವೈಸ್ ಕೊನೆಗೆ: ಟೇಬಲ್ ಸರಿಸಿದಾಗ ಅಲುಗದ ದವಡೆಯ ಮೇಲೆ ಡಯಲ್ 100 ಮಿ.ಮೀ. ಉದ್ದಕ್ಕೆ 0.01 ಒಳಗಿರಲಿ.

ಹಳ್ಳಿ ಕಡೆ ಸಂಜೆ ವೋಲ್ಟೇಜ್ ಬಿದ್ದಾಗ ಭಾರದ ಕಟ್ ಹಾಕಬೇಡಿ. ವೇಗ ನಿಯಂತ್ರಿಸುವ ಬೋರ್ಡ್ ಹೋಗುವುದು ಹೆಚ್ಚಾಗಿ ಮೋಟಾರ್ ತಿಣುಕಿದಾಗ, ಇಲ್ಲವೇ ಲೋಹದ ಪುಡಿ ಒಳಗೆ ಬಿದ್ದಾಗ. ರೇಷ್ಮೆ ನೂಲು ತೆಗೆಯುವ ಬಾಣಲೆಯ ಹಬೆ ತಾಗುವ ಕೋಣೆಯಲ್ಲಿ ಮೆಷಿನ್ ಇದ್ದರೆ, ರಾತ್ರಿ ಟೇಬಲ್ ಒರೆಸಿ ಎಣ್ಣೆ ಸವರಿಯೇ ಮುಚ್ಚಿ.